ಹಿಮದ ಅಡಿಯ ಹೊಲ

ದಿಲ್ಲಿಯಲ್ಲಿರುವ ನಮಗೆ ಹಿಮವೆಂದರೆ ಒಂದು ರಾತ್ರಿಯ ಬಸ್ ಪ್ರಯಾಣ. ಜನವರಿಯ ರಜೆ ಮುಗಿಯುತ್ತಿದ್ದಂತೆ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಮನಾಲಿಯ ಚಿತ್ರಗಳು ಬಂದು ಬೀಳುತ್ತವೆ. ಹೆಚ್ಚಿನವುಗಳಲ್ಲಿ ಹಿಮ ಬೂದು ಬಣ್ಣಕ್ಕೆ ತಿರುಗಿರುತ್ತದೆ. ತಪ್ಪು ತೆಗೆದವರದಲ್ಲ. ಕ್ಯಾಮೆರಾದ ಮೀಟರ್ ತನ್ನ ಮುಂದಿರುವುದನ್ನೆಲ್ಲ ನಡುಬೂದು ಎಂದೇ ಎಣಿಸಿ ಲೆಕ್ಕ ಹಾಕುತ್ತದೆ. ಹಿಮ ಬೆಳ್ಳಗೆ ಕಾಣಬೇಕಾದರೆ ನಾವೇ ಒಂದೆರಡು ಸ್ಟಾಪ್ ಬೆಳಕು ಹೆಚ್ಚಿಸಬೇಕು.

ಅಂದರೆ ಹಿಮದ ಚಿತ್ರದಲ್ಲಿ ಬಿಳಿ ತಾನಾಗಿ ಬರುವುದಿಲ್ಲ, ಅದು ತೆಗೆದವರ ತೀರ್ಮಾನ. ಎಷ್ಟು ಬಿಳಿ, ಆ ಬಿಳಿಯಲ್ಲಿ ಏನೇನು ಮುಚ್ಚಿಹೋಗಲಿ ಎಂಬುದೂ ತೀರ್ಮಾನವೇ. ಜಪಾನಿನ ಹಿಮವನ್ನು ಸೆರೆಹಿಡಿದ ಮೂವರನ್ನು ಈ ದೃಷ್ಟಿಯಿಂದ ನೋಡಬೇಕೆನಿಸಿತು.

ಮೊದಲನೆಯವರು ಮೈಕಲ್ ಕೆನ್ನಾ. 1953ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊಗೆ ಚಳಿಗಾಲದಲ್ಲಿ ಮತ್ತೆ ಮತ್ತೆ ಹೋದವರು. ಅವರದು ಕಪ್ಪು-ಬಿಳುಪಿನ ಚೌಕಾಕಾರದ ಚಿತ್ರಗಳು, ಚಿಕ್ಕ ಪ್ರಿಂಟುಗಳು. ನೆಲವೂ ಆಕಾಶವೂ ಒಂದೇ ಬಿಳಿಯಲ್ಲಿ ಕರಗಿ, ನಡುವೆ ಒಂದು ಬೇಲಿಯ ಸಾಲು ಮಾತ್ರ ಗುಡ್ಡ ಹತ್ತಿ ಹೋಗುತ್ತದೆ. ಕುಶ್ಶಾರೊ ಸರೋವರದ ದಡದ ಒಂದು ಮರವನ್ನು ಅವರು ವರ್ಷಗಟ್ಟಲೆ ಹೋಗಿ ಹೋಗಿ ಚಿತ್ರಿಸಿದರು, ಬಂಧುವನ್ನು ನೋಡಿಬರುವವರಂತೆ. ಆ ತಾಳ್ಮೆ ದೊಡ್ಡದು. ಆ ಚಿತ್ರಗಳ ಮುಂದೆ ನಮ್ಮ ಉಸಿರೂ ನಿಧಾನವಾಗುತ್ತದೆ. ಇದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ.

ಆದರೆ ಬೇಲಿ ಅಲ್ಲಿಗೆ ಹೇಗೆ ಬಂತು? ಯಾರೋ ಗುಂಡಿ ತೋಡಿ ಕಂಬ ನೆಟ್ಟಿದ್ದಾರೆ. ಅದರ ಆಚೆಗೊಂದು ಹೊಲವಿರಬಹುದು. ಕೆನ್ನಾ ಅವರ ಚೌಕಟ್ಟಿನಲ್ಲಿ ಬೇಲಿ ಒಂದು ಗೆರೆಯಾಗುತ್ತದೆ, ಗೆರೆ ಧ್ಯಾನವಾಗುತ್ತದೆ, ಕಂಬ ನೆಟ್ಟ ಕೈ ಮರೆಯಾಗುತ್ತದೆ. ಮನುಷ್ಯರಿಲ್ಲದ ಜಾಗವನ್ನು ಅವರು ಕಂಡುಕೊಂಡದ್ದಷ್ಟೇ ಅಲ್ಲ, ಮನುಷ್ಯರನ್ನು ಹೊರಗಿಟ್ಟು ಕಟ್ಟಿಯೂ ಇದ್ದಾರೆ.

ಇಂಥ ನೋಟ ಬರೀ ಗ್ಯಾಲರಿಯ ಗೋಡೆಯ ಮೇಲೆ ಉಳಿಯುವುದಿಲ್ಲ. ಹೊಕ್ಕೈಡೊದ ಬಿಯೇ ಎಂಬ ಕೃಷಿ ಊರಿನಲ್ಲಿ ಹೊಲದ ನಡುವೆ ವಾಲಿ ನಿಂತ ಒಂದು ಪಾಪ್ಲರ್ ಮರವಿತ್ತು. ತಲೆ ಬಾಗಿಸಿ ಯೋಚಿಸುವಂತಿದ್ದ ಅದಕ್ಕೆ ಜನ ‘ತತ್ತ್ವಜ್ಞಾನಿಯ ಮರ’ ಎಂದು ಹೆಸರಿಟ್ಟಿದ್ದರು. ಚಿತ್ರ ತೆಗೆಯುವವರು ಬೇಡವೆಂದರೂ ಹೊಲಕ್ಕೆ ಇಳಿಯುತ್ತಿದ್ದರು. ಕೊನೆಗೆ 2016ರ ಫೆಬ್ರವರಿಯಲ್ಲಿ ಹೊಲದ ಮಾಲೀಕರೇ ಮರವನ್ನು ಉರುಳಿಸಿದರು. ಇದರ ಹೊಣೆಯನ್ನು ಕೆನ್ನಾ ಅವರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಹಿಮ ಮುಚ್ಚಿದ ಹೊಲ ಯಾರದೂ ಅಲ್ಲದ ಜಾಗದಂತೆ ಕಾಣುತ್ತದೆ ಎಂಬುದು ನಿಜ. ಅಂಥ ಚಿತ್ರಗಳನ್ನು ನೋಡಿ ನೋಡಿ ಪಳಗಿದ ಕಣ್ಣಿಗೆ ಗಡಿ ಕಾಣುವುದಿಲ್ಲ.

ಹೊರಗಿನವರು ಎಂದ ಮೇಲೆ ಹೀಗೇ ನೋಡುತ್ತಾರೆ ಎನ್ನೋಣವೇ? ಹಿರೋಶಿ ಹಮಾಯಾ ಕೂಡ ಹಿಮದ ನಾಡಿಗೆ ಹೊರಗಿನವರೇ. 1915ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಅವರು 1939ರಲ್ಲಿ ಪತ್ರಿಕೆಯೊಂದರ ಕೆಲಸದ ಮೇಲೆ ನೀಗಾತಾ ಪ್ರಾಂತ್ಯಕ್ಕೆ ಹೋದರು. ಆಮೇಲೆ ಅಲ್ಲಿನ ಹಳ್ಳಿಗಳಿಗೆ ವರ್ಷ ವರ್ಷ ಮರಳಿದರು. ಆ ಚಿತ್ರಗಳು ‘ಯುಕಿಗುನಿ’, ಅಂದರೆ ‘ಹಿಮದ ನಾಡು’ ಎಂಬ ಪುಸ್ತಕವಾಗಿ 1956ರಲ್ಲಿ ಬಂದವು. ಹೊಸವರ್ಷದ ಹೊತ್ತಿಗೆ, ಬೆಳೆ ತಿನ್ನುವ ಹಕ್ಕಿಗಳನ್ನು ಓಡಿಸುವ ಹಾಡು ಹೇಳುತ್ತ ಹಿಮದಲ್ಲಿ ಸಾಗುವ ಹುಡುಗರು ಅಲ್ಲಿದ್ದಾರೆ. ಇಲ್ಲಿಯೂ ಹೊಲ ಕಾಣುವುದಿಲ್ಲ. ಆದರೆ ಹುಡುಗರ ಬಾಯಲ್ಲಿ ಹೊಲವಿದೆ, ಮುಂದಿನ ಬೆಳೆಯಿದೆ. ಹಿಮ ಇಲ್ಲಿ ಬದುಕಬೇಕಾದ ಒಂದು ಕಾಲ, ಬರೀ ಹಿನ್ನೆಲೆಯಲ್ಲ.

ಮೂರನೆಯವರು ನಮ್ಮಂಥವರು. ಮಸಾಹಿಸಾ ಫುಕಾಸೆ ಹುಟ್ಟಿದ್ದು 1934ರಲ್ಲಿ, ಹೊಕ್ಕೈಡೊದ ಬಿಫುಕಾದಲ್ಲಿ. ಮನೆಯವರದು ಫೋಟೋ ಸ್ಟುಡಿಯೊ. ಓದಲು ಟೋಕಿಯೊಗೆ ಹೋದ ಮಗ ಅಲ್ಲೇ ಉಳಿದ. 1970ರ ದಶಕದ ನಡುವೆ, ದಾಂಪತ್ಯ ಮುರಿದುಬೀಳುತ್ತಿದ್ದಾಗ ಊರಿನ ಕಡೆ ರೈಲು ಹತ್ತಿದ. ದಾರಿಯುದ್ದಕ್ಕೂ ಕಂಡ ಕಾಗೆಗಳನ್ನು ತೆಗೆಯತೊಡಗಿದ. 1986ರಲ್ಲಿ ಪುಸ್ತಕವಾದ ಈ ‘ಕಾಗೆಗಳು’ ಸರಣಿಯನ್ನು, ಹಿಂದಿನ 25 ವರ್ಷಗಳ ಅತ್ಯುತ್ತಮ ಛಾಯಾಚಿತ್ರ ಪುಸ್ತಕವೆಂದು ಬ್ರಿಟಿಷ್ ಜರ್ನಲ್ ಆಫ್ ಫೋಟೋಗ್ರಫಿಯ ತೀರ್ಪುಗಾರರು 2010ರಲ್ಲಿ ಆರಿಸಿದರು. ಕೆನ್ನಾ ಅವರಿಗೆ ಶಾಂತಿ ಕೊಟ್ಟ ಅದೇ ದ್ವೀಪದ ಹಿಮ ಇಲ್ಲಿ ಕದಡಿದೆ, ಮಸಿ ಮೆತ್ತಿಕೊಂಡಿದೆ. ಇಲ್ಲಿಯೂ ಜನ ಕಡಿಮೆ. ಆದರೆ ಈ ಖಾಲಿತನಕ್ಕೆ ಒಬ್ಬ ವಾರಸುದಾರನಿದ್ದಾನೆ. ಊರು ಬಿಟ್ಟವನಿಗೆ ಊರಿನ ಬಿಳಿ ಬೆಳ್ಳಗೆ ಕಾಣಲಿಲ್ಲ.

ಈ ಮೂವರಲ್ಲಿ ಚಂದದ ಚಿತ್ರ ಯಾರದು ಎಂದರೆ ನಾನೂ ಕೆನ್ನಾ ಎಂದೇನು. ಗೋಡೆಗೆ ಹಾಕಿಕೊಳ್ಳಲು ಬೇಕಾದದ್ದೂ ಅದೇ. ಅಲ್ಲೇ ನನಗೆ ಅಳುಕು. ಹೋದ ಸಲ ಊರಿಗೆ ಹೋದಾಗ ಬೆಳಗಿನ ಮಂಜು ಮುಸುಕಿದ ಗದ್ದೆಯ ಚಿತ್ರ ತೆಗೆದೆ. ಬದುವಿನ ಮೇಲೆ ಬರುತ್ತಿದ್ದ ಚಿಕ್ಕಪ್ಪ ಚೌಕಟ್ಟು ದಾಟಿ ಹೋಗಲೆಂದು ಕಾದು ನಿಂತು ತೆಗೆದೆ. ಎಲ್ಲರೂ ಮೆಚ್ಚಿದರು. ಆ ಚಿತ್ರ ಈಗಲೂ ಫೋನಿನಲ್ಲಿದೆ, ಚಿಕ್ಕಪ್ಪ ಅದರಲ್ಲಿಲ್ಲ. ಆ ಗದ್ದೆ ಉಳುವವರು ಅವರೇ.