ಸಾರ್ವಜನಿಕ ಗ್ರಂಥಾಲಯ ಸಿಬ್ಬಂದಿಯ ಡಿಜಿಟಲ್ ಸಾಕ್ಷರತೆ: ಅಳತೆಗೋಲಿನ ವಿಮರ್ಶೆ

ಸಾರ್ವಜನಿಕ ಗ್ರಂಥಾಲಯಗಳ ಸಿಬ್ಬಂದಿಯಲ್ಲಿ ಡಿಜಿಟಲ್ ಸಾಕ್ಷರತೆ ಎಷ್ಟರಮಟ್ಟಿಗೆ ಇದೆ ಎಂಬ ಪ್ರಶ್ನೆಯನ್ನು ಕುರಿತು ಈಚೆಗೆ ವಿಶ್ವವಿದ್ಯಾನಿಲಯಗಳಲ್ಲಿ ಪ್ರಬಂಧಗಳು ಬರುತ್ತಲೇ ಇವೆ. ನಾವು ನೋಡಿದವುಗಳಲ್ಲಿ ಬಹುಪಾಲು ಒಂದೇ ಅಚ್ಚಿನಲ್ಲಿ ಎರಕಹೊಯ್ದಂತಿವೆ. ಪ್ರಶ್ನಾವಳಿಯೊಂದನ್ನು ಹಂಚುವುದು, ‘ಈ ಕೆಲಸ ನಿಮಗೆ ಬರುತ್ತದೆಯೆ?’ ಎಂದು ಸಿಬ್ಬಂದಿಯನ್ನೇ ಕೇಳುವುದು, ಬಂದ ಉತ್ತರಗಳನ್ನು ಶೇಕಡಾವಾರು ಕೋಷ್ಟಕಗಳಲ್ಲಿ ಜೋಡಿಸುವುದು, ಕೊನೆಗೆ ಹೆಚ್ಚಿನ ತರಬೇತಿ ಬೇಕೆಂದು ಶಿಫಾರಸು ಮಾಡುವುದು - ಇದೇ ಅವುಗಳ ಕ್ರಮ. ಈ ಪರಿಶ್ರಮವನ್ನು ನಾವು ಹೀಗಳೆಯುವವರಲ್ಲ. ಆದರೆ ಅಳೆಯಬೇಕಾದ ವಸ್ತು ಯಾವುದೆಂಬುದನ್ನು ನಿಶ್ಚಯಿಸಿಕೊಳ್ಳದೆ ಅಳತೆಗೋಲನ್ನು ಕೈಗೆತ್ತಿಕೊಂಡರೆ ಫಲವೇನು? ನಾವು ಇತಿಹಾಸದ ಅಧ್ಯಾಪಕರು, ಗ್ರಂಥಾಲಯ ಶಾಸ್ತ್ರದಲ್ಲಿ ಪಂಡಿತರಲ್ಲ. ಆದರೂ ಆ ಶಾಸ್ತ್ರದ ಗುಣದೋಷಗಳ ಫಲವನ್ನು ಪ್ರತಿನಿತ್ಯ ಉಣ್ಣುವವರಾದುದರಿಂದ ಈ ಕೆಲವು ಮಾತುಗಳನ್ನು ಹೇಳುವ ಅಧಿಕಾರ ನಮಗುಂಟೆಂದು ಭಾವಿಸಿದ್ದೇವೆ.

ಮೊದಲು ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ನೆನೆಯುವುದು ಉಚಿತ. ಅಂದಿನ ಮೈಸೂರು ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು 1965ರಲ್ಲಿ ಆಯಿತು. ಮರುವರ್ಷ ಇಲಾಖೆಯು ಏರ್ಪಟ್ಟಿತು. ಆಸ್ತಿ ತೆರಿಗೆಯೊಡನೆ ವಸೂಲಾಗುವ ಗ್ರಂಥಾಲಯ ಕರವೇ ಈ ವ್ಯವಸ್ಥೆಗೆ ಆಧಾರ. 2019ರಲ್ಲಿ ಐದು ಸಾವಿರಕ್ಕೂ ಮೇಲ್ಪಟ್ಟ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದುವು. 2020ರಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವು ಆರಂಭವಾಯಿತು. ಪುಸ್ತಕ ಕೊಟ್ಟು ಪಡೆಯುವ ಕೆಲಸಕ್ಕೆಂದು, ಗೌರವಧನದ ಮೇಲೆ, ದಿನದ ಕೆಲವೇ ಗಂಟೆಗಳಿಗೆ ನೇಮಕಗೊಂಡಿದ್ದ ಹಳ್ಳಿಯ ಮೇಲ್ವಿಚಾರಕರು ಹೀಗೆ ಕೆಲವೇ ವರ್ಷಗಳಲ್ಲಿ ಕಂಪ್ಯೂಟರಿನ ಪಾಲಕರೂ ಆಗಬೇಕಾಯಿತು. ಅವರ ಕೌಶಲದ ಕೊರತೆಯನ್ನು ಕೋಷ್ಟಕದಲ್ಲಿ ತೋರಿಸುವವರು ಈ ಹಿನ್ನೆಲೆಯನ್ನು ಮರೆಯುವುದು ನ್ಯಾಯವಲ್ಲ.

ಇನ್ನು ಅಳತೆಗೋಲಿನ ವಿಷಯ. ತನ್ನ ಕೌಶಲಕ್ಕೆ ತಾನೇ ಅಂಕ ಕೊಟ್ಟುಕೊಳ್ಳುವ ಪದ್ಧತಿಯಲ್ಲಿ ಒಂದು ಮೂಲದೋಷವಿದೆ. ಅಲ್ಪ ಸಾಮರ್ಥ್ಯವುಳ್ಳವರೇ ತಮ್ಮನ್ನು ಹೆಚ್ಚಾಗಿ ಎಣಿಸಿಕೊಳ್ಳುವರೆಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ರೂಗರ್ ಮತ್ತು ಡನ್ನಿಂಗ್ 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಾದಿಸಿದರು. ಆ ಸಿದ್ಧಾಂತವನ್ನು ಕುರಿತ ಚರ್ಚೆಗಳು ಏನೇ ಇರಲಿ, ವ್ಯಕ್ತಿಯ ಆತ್ಮವಿಶ್ವಾಸವೂ ಅವನ ಕೌಶಲವೂ ಒಂದೇ ಅಲ್ಲವೆಂಬುದು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿರುವ ಅಧ್ಯಾಪಕರಿಗೆಲ್ಲ ತಿಳಿದ ಸಂಗತಿ. ನಮ್ಮ ಪ್ರಶ್ನಾವಳಿಗಳಾದರೋ ವ್ಯಕ್ತಿಯ ಆತ್ಮವಿಶ್ವಾಸವನ್ನು ಅಳೆದು ಅದಕ್ಕೆ ಕೌಶಲವೆಂದು ಹೆಸರಿಡುತ್ತವೆ.

ಒಂದು ನಿದರ್ಶನದಿಂದ ಇದನ್ನು ಸ್ಪಷ್ಟಪಡಿಸುತ್ತೇವೆ. ನಮ್ಮ ವಿದ್ಯಾರ್ಥಿಯೊಬ್ಬನು ಶ್ರವಣಬೆಳಗೊಳದ ಶಾಸನಗಳನ್ನು ಕುರಿತು ಬರೆಯಲು ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡನೆಯ ಸಂಪುಟವನ್ನು ಅರಸಿ ಒಂದು ಗ್ರಂಥಾಲಯಕ್ಕೆ ಹೋದನು. ಕಂಪ್ಯೂಟರಿನ ಸೂಚಿಯಲ್ಲಿ ಸಂಪುಟವು ಸಿಕ್ಕಲಿಲ್ಲ. ನಿವೃತ್ತಿಯ ಅಂಚಿನಲ್ಲಿದ್ದ ಸಹಾಯಕರೊಬ್ಬರು ಎದ್ದುಹೋಗಿ ಕಪಾಟಿನಿಂದ ಅದನ್ನು ತಂದುಕೊಟ್ಟರು. ಕೊಡುವಾಗ ‘ಇದು ರೈಸ್ ಅವರದಲ್ಲ, ನರಸಿಂಹಾಚಾರ್ಯರದು’ ಎಂದು ಎಚ್ಚರಿಸಿದರು. ಈ ಎಚ್ಚರಿಕೆಯ ಬೆಲೆ ಅಲ್ಪವಲ್ಲ. ಬಿ. ಎಲ್. ರೈಸ್ ಅವರು 1889ರಲ್ಲಿ ಹೊರತಂದ ಮುದ್ರಣದಲ್ಲಿ ಇದ್ದುವು 144 ಶಾಸನಗಳು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಮುದ್ರಣದಲ್ಲಿ ಅವು 500 ಆದುವು, ಕ್ರಮಸಂಖ್ಯೆಗಳೂ ಬದಲಾದುವು. ಯಾವ ಮುದ್ರಣವೆಂದು ಹೇಳದೆ ಶಾಸನದ ಸಂಖ್ಯೆಯನ್ನು ಮಾತ್ರ ಕೊಟ್ಟರೆ ಓದುಗನು ಬೇರೆಯೇ ಶಾಸನವನ್ನು ತಲಪುತ್ತಾನೆ. ಇಂಟರ್‌ನೆಟ್ಟಿನಲ್ಲಿ ದೊರೆಯುವ ಹಳೆಯ ಪುಸ್ತಕಗಳ ಪ್ರತಿಗಳಲ್ಲಿ ಹೆಸರು, ವರ್ಷ, ಮುದ್ರಣಗಳ ವಿವರ ತಪ್ಪಾಗಿರುವುದು ಅಪರೂಪವಲ್ಲವಾದುದರಿಂದ ಈ ವಿವೇಚನೆ ಇಂದು ಇನ್ನೂ ಅವಶ್ಯಕ. ಆ ಸಹಾಯಕರಿಗೆ ಪ್ರಶ್ನಾವಳಿಯನ್ನು ಕೊಟ್ಟಿದ್ದರೆ ಅವರು ಕೆಳಗಿನ ಅಂಕವನ್ನೇ ಗುರುತು ಹಾಕುತ್ತಿದ್ದರು. ಸೂಚಿಯನ್ನು ತಯಾರಿಸಿದ ತರುಣರು ಬಹುಶಃ ಮೇಲಿನ ಅಂಕವನ್ನು ಗುರುತು ಹಾಕುತ್ತಿದ್ದರು.

ಹಾಗೆಂದು ಹಳಬರ ಸ್ಮರಣಶಕ್ತಿಯನ್ನು ಕೊಂಡಾಡಿ ಯಂತ್ರವನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಆ ಸಹಾಯಕರು ನಿವೃತ್ತರಾದ ಮಾರನೆಯ ದಿನ ಸಂಪುಟವು ಕಪಾಟಿನಲ್ಲಿದ್ದೂ ಇಲ್ಲದಂತಾಗುತ್ತದೆ. ಅವರ ತಿಳಿವಳಿಕೆ ದಾಖಲೆಗೆ ಇಳಿಯಬೇಕು. ಇಳಿಸುವ ಕೌಶಲಕ್ಕೇ ಡಿಜಿಟಲ್ ಸಾಕ್ಷರತೆ ಎಂದು ಹೆಸರು. ಪಾಲ್ ಗಿಲ್‌ಸ್ಟರ್ ಅವರು 1997ರಲ್ಲಿ ಈ ಹೆಸರಿನ ಗ್ರಂಥವನ್ನು ಬರೆದಾಗಲೇ, ಮುಖ್ಯವಾದುದು ಕೀಲಿಗಳನ್ನು ಒತ್ತುವ ಅಭ್ಯಾಸವಲ್ಲ, ವಿಚಾರಗಳ ಮೇಲಣ ಪ್ರಭುತ್ವ ಎಂಬ ಅಭಿಪ್ರಾಯವನ್ನು ಮುಂದಿಟ್ಟಿದ್ದರು.

ಸೂಚಿಯಲ್ಲಿ ಆ ಸಂಪುಟವು ಏಕೆ ಸಿಕ್ಕಲಿಲ್ಲವೆಂಬುದು ವಿಚಾರಾರ್ಹ. ಕಾರಣವನ್ನು ಆಮೇಲೆ ನಾವೇ ಹೋಗಿ ನೋಡಿದೆವು. ನಮೂದನ್ನು ಹಳೆಯ ಕನ್ನಡ ಫಾಂಟಿನಲ್ಲಿ ಬೆರಳಚ್ಚು ಮಾಡಲಾಗಿತ್ತು. ಅಂಥ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುತ್ತಾರೆ. ಕಣ್ಣಿಗೆ ಕಾಣುವುದು ಕನ್ನಡ, ಯಂತ್ರದ ಒಳಗೆ ಉಳಿಯುವುದು ಅರ್ಥವಿಲ್ಲದ ರೋಮನ್ ಅಕ್ಷರಮಾಲೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ತನ್ನದಾದ ಸ್ಥಾನ ದೊರೆತಿದೆ. ಇಂದಿನ ಮೊಬೈಲುಗಳು ಬರೆಯುವುದೂ ಅದರಲ್ಲಿಯೇ. ಯೂನಿಕೋಡಿನಲ್ಲಿ ಹುಡುಕುವ ವಿದ್ಯಾರ್ಥಿಗೆ ಹಳೆಯ ಫಾಂಟಿನ ನಮೂದು ಕಾಣಿಸುವುದೇ ಇಲ್ಲ. ಹೆಸರುಗಳ ಗೊಂದಲವೂ ಇಂಥದೇ. ಒಂದೆಡೆ ‘ಕುವೆಂಪು’, ಇನ್ನೊಂದೆಡೆ ‘ಕೆ. ವಿ. ಪುಟ್ಟಪ್ಪ’, ಮತ್ತೊಂದೆಡೆ ರೋಮನ್ ಲಿಪಿಯಲ್ಲಿ ಮೂರು ಬಗೆಯ ಕಾಗುಣಿತ. ಇವರೆಲ್ಲರೂ ಒಬ್ಬರೇ ಎಂದು ಯಂತ್ರಕ್ಕೆ ತಿಳಿಸಿಕೊಡಬೇಕಾದವರು ಗ್ರಂಥಪಾಲಕರು. ನಾವು ನೋಡಿದ ಯಾವ ಪ್ರಶ್ನಾವಳಿಯಲ್ಲಿಯೂ ಈ ಎರಡು ವಿಷಯಗಳ ಪ್ರಸ್ತಾಪವಿಲ್ಲ. ಮಿಂಚಂಚೆ ಕಳುಹಿಸಲು, ಮುದ್ರಣ ತೆಗೆಯಲು ಬರುತ್ತದೆಯೆ ಎಂಬ ಪ್ರಶ್ನೆಗಳಂತೂ ತಪ್ಪದೆ ಇರುತ್ತವೆ. ಹೊರಗಿನ ಅಳತೆಗೋಲನ್ನು ಹಾಗೆಯೇ ಕನ್ನಡಿಸಿಕೊಂಡುದರ ಫಲವಿದು.

ಎರಡನೆಯ ಕೊರತೆ ಓದುಗರ ರಕ್ಷಣೆಗೆ ಸಂಬಂಧಿಸಿದುದು. ಉದ್ಯೋಗದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಲು ಗ್ರಂಥಾಲಯಕ್ಕೆ ಬರುವವರು ಆಧಾರ್ ಸಂಖ್ಯೆಯನ್ನೂ ಗುಪ್ತಪದವನ್ನೂ ಮೇಲ್ವಿಚಾರಕರ ಎದುರಿಗೆ ಒಪ್ಪಿಸಿಬಿಡುತ್ತಾರೆ. ಎಲ್ಲರೂ ಬಳಸುವ ಯಂತ್ರದಲ್ಲಿ ಅವುಗಳನ್ನು ಉಳಿಸದೆ ಅಳಿಸುವುದು, ಮೊಬೈಲಿಗೆ ಬಂದ ಸಂಕೇತಸಂಖ್ಯೆಯನ್ನು ಅನ್ಯರಿಗೆ ಹೇಳಬಾರದೆಂದು ತಿಳಿಸುವುದು ಇಂದಿನ ಗ್ರಂಥಪಾಲಕರ ಧರ್ಮವೇ ಆಗಿದೆ. ಯುನೆಸ್ಕೋ ಸಂಸ್ಥೆಯ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆಯು ಮೊದಲು ಹೊರಟುದು 1949ರಲ್ಲಿ. 2022ರ ಆವೃತ್ತಿಯು ಎಲ್ಲ ವಯಸ್ಸಿನವರಲ್ಲಿಯೂ ಡಿಜಿಟಲ್ ಸಾಕ್ಷರತೆಯನ್ನು ಬೆಳೆಸುವುದನ್ನು ಗ್ರಂಥಾಲಯದ ಕಾರ್ಯಗಳಲ್ಲಿ ಎಣಿಸಿದೆ. ಕಲಿಸಬೇಕಾದವರ ಕಲಿಕೆಯನ್ನು ಅಳೆಯುವಾಗ ಈ ಅಂಶವನ್ನು ಬಿಡುವುದು ಹೇಗೆ?

ಆದುದರಿಂದ ಮುಂದಿನ ಸಂಶೋಧಕರಿಗೆ ನಮ್ಮ ಸೂಚನೆ ಇಷ್ಟೆ. ‘ಬರುತ್ತದೆಯೆ?’ ಎಂದು ಕೇಳುವುದನ್ನು ಬಿಟ್ಟು ಕೆಲಸವನ್ನೇ ಕೊಟ್ಟು ನೋಡಿರಿ. ಒಂದು ಕನ್ನಡ ಪುಸ್ತಕವನ್ನು ಯೂನಿಕೋಡಿನಲ್ಲಿ ನಮೂದಿಸಲಿ. ಒಂದೇ ಗ್ರಂಥದ ಎರಡು ಮುದ್ರಣಗಳನ್ನು ಬೇರ್ಪಡಿಸಲಿ. ತಪ್ಪು ವಿವರವುಳ್ಳ ಒಂದು ಪ್ರತಿಯನ್ನು ಗುರುತಿಸಲಿ. ಓದುಗನೊಬ್ಬನು ಎದ್ದುಹೋದ ಮೇಲೆ ಯಂತ್ರವನ್ನು ಶುದ್ಧಗೊಳಿಸಲಿ. ಇವುಗಳೊಡನೆ ಅಲ್ಲಿ ವಿದ್ಯುತ್ತು ಎಷ್ಟು ಹೊತ್ತು ಇರುತ್ತದೆ, ತರಬೇತಿ ಯಾವ ಭಾಷೆಯಲ್ಲಿ ನಡೆಯಿತು ಎಂಬುದನ್ನೂ ಬರೆದುಕೊಳ್ಳಿರಿ. ಇಂಥ ಪರೀಕ್ಷೆಯಲ್ಲಿ ಇಪ್ಪತ್ತು ಮಂದಿಯಿಂದ ತಿಳಿಯುವುದು ಇನ್ನೂರು ಪ್ರಶ್ನಾವಳಿಗಳಿಂದ ತಿಳಿಯಲಾರದು.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆಂಬುದು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದರು. ಅವರ ಸೂತ್ರದಿಂದ ಅಳೆದರೆ ಪ್ರಶ್ನೆ ಸುಲಭವಾಗಿದೆ: ಬಸ್ಸಿನ ಖರ್ಚನ್ನು ಹೊಂದಿಸಿಕೊಂಡು ಬಂದ ವಿದ್ಯಾರ್ಥಿಯು ಪುಸ್ತಕದೊಡನೆ ಹಿಂದಿರುಗಿದನೋ, ಬರಿಗೈಯಲ್ಲಿಯೋ? ನಮ್ಮ ವಿದ್ಯಾರ್ಥಿಯು ಪುಸ್ತಕದೊಡನೆ ಹಿಂದಿರುಗಿದನು. ಆದರೆ ಅದು ಒಬ್ಬರ ನೆನಪಿನ ಬಲದಿಂದ ಆದುದು. ಮುಂದಿನ ವರ್ಷದ ವಿದ್ಯಾರ್ಥಿಗೆ ಆ ನೆನಪು ಅಲ್ಲಿ ಕಾದಿರುವುದಿಲ್ಲ.