ಕಾಲುಂಗುರದ ಕೀರ್ತಿ

ತಮಿಳುನಾಡಿನ ಕೋಡಿಯಕ್ಕರೈ ಹೆಸರು ಬಂದಲ್ಲೆಲ್ಲ ನಮ್ಮ ಪಕ್ಷಿಲೇಖಕರು ಒಂದೇ ಕತೆ ಹೇಳುತ್ತಾರೆ: ಇಲ್ಲಿ ಉಂಗುರ ತೊಡಿಸಿಕೊಂಡ ಹಕ್ಕಿ ಎಲ್ಲೋ ಸೈಬೀರಿಯಾದಲ್ಲಿ ಸಿಕ್ಕಿತಂತೆ. ಓದುಗ ಬೆರಗಾಗುತ್ತಾನೆ, ಲೇಖನ ಮುಗಿಯುತ್ತದೆ. ಸಲೀಂ ಅಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, 1959ರಲ್ಲಿ ಶುರುವಾದ ವಲಸೆ ಅಧ್ಯಯನ ಎಲ್ಲರಿಗೂ ಗೊತ್ತಿರುವುದೇ. ನನ್ನ ತಕರಾರು ಆ ಬೆರಗಿನ ಮೇಲೆ.

ಉಂಗುರದ ಮೇಲಿರುವುದು ಒಂದು ಸಂಖ್ಯೆ, ಬಾಂಬೆಗೆ ತಿಳಿಸಿ ಎಂಬ ಇಂಗ್ಲಿಷ್ ಒಕ್ಕಣೆ. ಅದು ಬಾಯಿಬಿಡಬೇಕಾದರೆ ಹಕ್ಕಿ ಸಾಯಬೇಕು, ಇಲ್ಲವೇ ಮತ್ತೆ ಬಲೆಗೆ ಬೀಳಬೇಕು. ಸಿಕ್ಕವನಿಗೆ ಅದನ್ನು ಓದಿ ಹೇಳುವವರು ಬೇಕು, ಅಂಚೆ ಬೇಕು, ಬರೆಯುವ ಮನಸ್ಸೂ ಬೇಕು. ಭರತಪುರದ ಬಾತುಗಳ ಉಂಗುರ ಸೋವಿಯತ್ ನಾಡಿನಿಂದ ವಾಪಸಾದದ್ದು ಅಲ್ಲಿ ಬಾತು ಹೊಡೆಯುವವರು ಇದ್ದುದರಿಂದ. ಇಪ್ಪತ್ತು ಚಿಲ್ಲರೆ ಗ್ರಾಂ ತೂಗುವ ಲಿಟಲ್ ಸ್ಟಿಂಟ್ ಎಂಬ ಪುಟ್ಟ ಹಕ್ಕಿಗೆ ಯಾರು ತೋಟಾ ಖರ್ಚು ಮಾಡುತ್ತಾರೆ? ಹೀಗಾಗಿ ನಾವು ವಲಸೆಯ ನಕಾಶೆ ಎಂದು ಗೋಡೆಗೆ ತೂಗುಹಾಕುವುದರಲ್ಲಿ ಅರ್ಧ ಕೋವಿ ಮತ್ತು ಅಂಚೆಪೆಟ್ಟಿಗೆಗಳ ನಕಾಶೆ. ಎರಡು ಚುಕ್ಕೆಗಳ ನಡುವಿನ ಗೆರೆಯನ್ನು ಎಳೆದದ್ದು ಹಕ್ಕಿಯಲ್ಲ, ನಮ್ಮ ಅಡಿಪಟ್ಟಿ.

ನಿಜವಾದ ಕೆಲಸ ನಡೆಯುವುದು ಉಂಗುರ ತೊಡಿಸಿದ ಮೇಲಿನ ಎರಡು ನಿಮಿಷದಲ್ಲಿ. ಆಗಸ್ಟ್ ಸೆಪ್ಟೆಂಬರಿನಲ್ಲಿ ಕೋಡಿಯಕ್ಕರೈ ಪಕ್ಕದ ವೇದಾರಣ್ಯದ ಉಪ್ಪಿನ ಗದ್ದೆಗೆ ಇಳಿದ ಕರ್ಲ್ಯೂ ಸ್ಯಾಂಡ್‌ಪೈಪರನ್ನು ಅಂಗೈಯಲ್ಲಿ ಹಿಡಿದು ರೆಕ್ಕೆ ಬಿಚ್ಚುತ್ತಾರೆ. ಹತ್ತು ಉದ್ದ ಗರಿಗಳನ್ನು ಒಳಗಿನಿಂದ ಹೊರಕ್ಕೆ ಎಣಿಸುತ್ತಾರೆ. ಗರಿ ಎಷ್ಟು ಬದಲಾಗಿದೆ ಎಂಬುದಕ್ಕೆ ಅಂಕ ಕೊಡುತ್ತಾರೆ: ಹಳೆಯ ಗರಿಗೆ 0, ಪೂರ್ತಿ ಬೆಳೆದ ಹೊಸದಕ್ಕೆ 5, ನಡುವಿನದಕ್ಕೆ ನಡುವಿನ ಅಂಕ. ಎಲ್ಲ ಹೊಸತಾದರೆ 50. ಆಮೇಲೆ ಬಟ್ಟೆಚೀಲದಲ್ಲಿಟ್ಟು ತೂಗಿ, ಚೀಲದ ತೂಕ ಕಳೆದು ಬರೆದುಕೊಳ್ಳುತ್ತಾರೆ. ಗರಿ ನೋಡಿದರೆ ವಯಸ್ಸೂ ತಿಳಿಯುತ್ತದೆ. ಈ ಹಕ್ಕಿಗಳಲ್ಲಿ ಬೆಳೆದವು ಮೊದಲು ಬರುತ್ತವೆ, ಆ ವರ್ಷದ ಮರಿಗಳು ವಾರಗಳ ನಂತರ. ಮರಿಗಳೇ ಕಡಿಮೆಯಾದರೆ ಗುಮಾನಿ ಹೋಗುವುದು ಈ ಹಕ್ಕಿಗಳು ಗೂಡು ಕಟ್ಟುವ ಸೈಬೀರಿಯಾದ ತೈಮೀರಿನ ಇಲಿಗಳ ಮೇಲೆ: ಲೆಮ್ಮಿಂಗ್ ಸಂತತಿ ಕುಸಿದ ವರ್ಷ ಹಿಮನರಿಗಳು ಹಕ್ಕಿಗೂಡುಗಳ ಮೇಲೆ ಬೀಳುತ್ತವೆ. ತಮಿಳುನಾಡಿನ ಉಪ್ಪಿನ ಗದ್ದೆಯಲ್ಲಿ ಕೂತು ಆರ್ಕ್‌ಟಿಕ್ಕಿನ ಬೇಸಿಗೆಯ ಸುದ್ದಿ ತಿಳಿಯುವುದಕ್ಕೆ ಯಾವ ಹಕ್ಕಿಯೂ ಸಾಯಬೇಕಾಗಿಲ್ಲ. ಇದನ್ನು ಬಿಟ್ಟು ಉಂಗುರಕ್ಕೆ ಆರತಿ ಎತ್ತುತ್ತೇವಲ್ಲ! (ಹಕ್ಕಿ ಹಿಡಿಯುವ ಕೈಗಳ ಮಾತೂ ಅಷ್ಟೇ. ಬಿಹಾರದ ಮೀರ್‌ಶಿಕಾರಿಗಳ ಕುಣಿಕೆ, ಬಲೆ ಇಲ್ಲದಿದ್ದರೆ ತೂಗಲು ಹಕ್ಕಿಯೇ ಇರುತ್ತಿರಲಿಲ್ಲ. ಅಲಿ ಹುಸೇನರನ್ನು ಬಿಟ್ಟರೆ ಅವರಲ್ಲಿ ಯಾರ ಹೆಸರು ನಮಗೆ ಗೊತ್ತು?)

ಇನ್ನು ಜಗಳ. ನಮ್ಮಲ್ಲಿ ಒಂದು ಬಣಕ್ಕೆ 1959ರ ಆ ವಲಸೆ ಅಧ್ಯಯನವೆಂದರೆ ಬರೀ ಪಿತೂರಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿತು. ಅದರ ವೈರಸ್ ರಷ್ಯಾದ ಮಿದುಳುಜ್ವರದ್ದಕ್ಕೆ ಹತ್ತಿರದ ನೆಂಟ ಎಂದು ತಿಳಿದಾಗ, ರೋಗ ಹರಡುವ ಉಣುಗನ್ನು ಹಕ್ಕಿಗಳೇ ಹೊತ್ತು ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಅದನ್ನು ತಿಳಿಯಲೆಂದು ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಹಣ ಬಂತು, ಹಿಂದೆಯೇ ಅಮೆರಿಕದ ಸೈನ್ಯದ ಹಣವೂ ಬಂತು. ಎಪ್ಪತ್ತರ ದಶಕದಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿ ಇದನ್ನು ಕೆದಕಿದ್ದು ಸರಿಯಾಗಿಯೇ ಇತ್ತು. ಸೈನ್ಯದ ದುಡ್ಡು ಎಂದಮೇಲೆ ಲೆಕ್ಕ ಕೇಳಬೇಕಾದ್ದೇ. ಆದರೆ ಹಣದ ಮೂಲ ಕೊಳಕೆಂದು ತಕ್ಕಡಿಯ ಮುಳ್ಳು ಸುಳ್ಳು ಹೇಳುವುದಿಲ್ಲ. ಪಿತೂರಿ ಬಣದವರು ಕೇಳಬಹುದಾಗಿದ್ದ ಒಳ್ಳೆಯ ಪ್ರಶ್ನೆ ಬೇರೆ ಇತ್ತು: ಮಂಗನ ಕಾಯಿಲೆಯನ್ನು ವಲಸೆಹಕ್ಕಿ ತಂದಿತೆಂಬುದಕ್ಕೆ ಪುರಾವೆ ಸಿಕ್ಕಿತೇ? ಸಿಗಲಿಲ್ಲ. ಅದನ್ನು ಅವರು ಕೇಳಲೇ ಇಲ್ಲ.

ಉಪಗ್ರಹ ಬಂದಮೇಲೆ ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. 2013ರಲ್ಲಿ ನಾಗಾಲ್ಯಾಂಡಿನ ಅಮುರ್ ಫಾಲ್ಕನ್‌ಗಳ ಬೆನ್ನಿಗೆ ಯಂತ್ರ ಕಟ್ಟಿದ್ದು ದೊಡ್ಡ ಸಂಗತಿ, ಒಪ್ಪಿದೆ. ಆದರೆ ಫಾಲ್ಕನ್ ಹೊರುವ ಯಂತ್ರವನ್ನು ಸ್ಟಿಂಟ್ ಹೊರಲಾರದು. ಯಂತ್ರ ದಾರಿ ಹೇಳುತ್ತದೆ, ಯಾವ ಗರಿ ಉದುರಿತೆಂದು ಹೇಳುವುದಿಲ್ಲ.

ಈಚೆಗೆ ಒಂದು ಪತ್ರಿಕೆಯಲ್ಲಿ ಕೋಡಿಯಕ್ಕರೈ ಬಗ್ಗೆ ಎರಡು ಪುಟದ ಲೇಖನ ಓದಿದೆ. ಉಂಗುರದ ಸಂಖ್ಯೆಯನ್ನು ಒಂದಂಕಿ ಬಿಡದೆ ಕೊಟ್ಟಿದ್ದರು. ಹಕ್ಕಿ ಎಷ್ಟು ತೂಗಿತೆಂದು ಬರೆದಿರಲಿಲ್ಲ.