ನಲವತ್ತಕ್ಕೆ ಕೈಗೆತ್ತಿಕೊಂಡ ಹುಲಿ ಲೆಕ್ಕ

ಹುಣಸೂರು, ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಊರುಗಳಲ್ಲಿ ಹುಲಿ ದನ ಹಿಡಿದರೆ ಜನ ಈಗ ಬೋನಿನ ಜೊತೆಗೆ ಕ್ಯಾಮೆರಾವನ್ನೂ ಕೇಳುತ್ತಾರೆ. ‘ಕ್ಯಾಮ್ರಾ ಹಾಕ್ಸಿ, ಯಾವ ಹುಲಿ ಅಂತ ಗೊತ್ತಾಗ್ಲಿ’ ಎಂಬುದು ಇಲ್ಲಿ ಬಳಕೆಯ ಮಾತಾಗಿದೆ. ಪಟ್ಟೆ ನೋಡಿ ಹುಲಿಗಳನ್ನು ಒಂದೊಂದಾಗಿ ಗುರುತಿಸುವ ಕ್ರಮ ಎಣಿಕೆಯ ವಿಜ್ಞಾನವಾಗಿ ಬೆಳೆದದ್ದು ಪಕ್ಕದ ನಾಗರಹೊಳೆಯಲ್ಲೇ. ಬೆಳೆಸಿದವರು ಕೆ. ಉಲ್ಲಾಸ ಕಾರಂತರು. ಅವರು ಪ್ರಾಣಿಶಾಸ್ತ್ರದ ದಾರಿಯಲ್ಲಿ ಬಂದವರಲ್ಲ. 1948ರಲ್ಲಿ ಹುಟ್ಟಿ, 1971ರಲ್ಲಿ ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಆ ಉದ್ಯೋಗವನ್ನೂ ಬೇಸಾಯವನ್ನೂ ಮಾಡಿ, ಆಮೇಲೆ ಮತ್ತೆ ವಿದ್ಯಾರ್ಥಿಯಾದವರು. ಫ್ಲಾರಿಡಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಸಿಕ್ಕಿದ್ದು 1988ರಲ್ಲಿ, ಮಂಗಳೂರು ವಿಶ್ವವಿದ್ಯಾಲಯದ ಪಿಎಚ್.ಡಿ. 1993ರಲ್ಲಿ. ಆ ವಯಸ್ಸಿಗೆ ನಮ್ಮಲ್ಲಿ ಹೆಚ್ಚಿನವರು ಮಕ್ಕಳ ಕಾಲೇಜಿನ ಚಿಂತೆಯಲ್ಲಿರುತ್ತಾರೆ.

ಇಂಥವರ ಬಗ್ಗೆ ಬರೆಯುವಾಗ ‘ಕಾಡಿನ ಹುಚ್ಚು’ ಎಂದು ಹೇಳಿ ಮುಗಿಸುವುದು ರೂಢಿ. ನನಗದು ಒಪ್ಪಿಗೆಯಿಲ್ಲ. ಕಾಡಿನ ಹುಚ್ಚಿದ್ದವರು ಅರಣ್ಯ ಇಲಾಖೆಯಲ್ಲೇ ಇದ್ದರು. ನಾಗರಹೊಳೆಯನ್ನು ಕಳ್ಳಬೇಟೆಯಿಂದ ಉಳಿಸಿದ ರೇಂಜರ್ ಕೆ.ಎಂ. ಚಿಣ್ಣಪ್ಪನವರಿಗಿಂತ ದೊಡ್ಡ ಹುಚ್ಚು ಯಾರಿಗಿತ್ತು? ಕಾರಂತರು ಹೊರಗಿನಿಂದ ತಂದದ್ದು ಎಂಜಿನಿಯರ್ ಕೇಳುವ ಪ್ರಶ್ನೆ: ಈ ಅಳತೆಯಲ್ಲಿ ತಪ್ಪೆಷ್ಟು?

ಆಗ ಹುಲಿ ಎಣಿಸುತ್ತಿದ್ದುದು ಹೆಜ್ಜೆ ನೋಡಿ. ಗಾರ್ಡುಗಳು ಧೂಳಿನ ಮೇಲಿನ ಹೆಜ್ಜೆಗೆ ಗಾಜು ಹಿಡಿದು ಗೆರೆ ಎಳೆಯುತ್ತಿದ್ದರು, ಪ್ಲಾಸ್ಟರ್ ಹುಯ್ದು ಅಚ್ಚು ತೆಗೆಯುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲೊಂದು ಬಗೆ, ಮರಳಿನಲ್ಲೊಂದು ಬಗೆ. ಎಲ್ಲ ಹುಲಿಗಳ ಹೆಜ್ಜೆಯೂ ಕಣ್ಣಿಗೆ ಬೀಳುತ್ತದೆ, ಬಿದ್ದದ್ದೆಲ್ಲ ಸರಿಯಾಗಿ ಬೇರ್ಪಡುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ದೇಶದ ಅಂಕಿ ನಿಂತಿತ್ತು. ಇಲಾಖೆಯ ಒಳಗೇ ಬೆಳೆದವರಿಗೆ ಇದನ್ನು ಪ್ರಶ್ನಿಸುವುದು ಕಷ್ಟ, ಮೇಲಧಿಕಾರಿಯ ವರದಿಯನ್ನೇ ಪ್ರಶ್ನಿಸಿದಂತೆ. ತಡವಾಗಿ ಬಂದವರಿಗೆ ಆ ಹಂಗಿರಲಿಲ್ಲ.

ಕಾರಂತರ ಉತ್ತರವನ್ನು ಹತ್ತಿರದಿಂದ ನೋಡಬೇಕು. ಹುಲಿ ನಡೆಯುವ ದಾರಿಯ ಎರಡೂ ಬದಿಯಲ್ಲಿ ಎದುರುಬದುರು ಎರಡು ಕ್ಯಾಮೆರಾ. ಎರಡೇಕೆಂದರೆ ಹುಲಿಯ ಎಡಮೈಯ ಪಟ್ಟೆ ಬಲಮೈಯಲ್ಲಿರುವುದಿಲ್ಲ. ಒಂದೇ ಮಗ್ಗುಲು ಸಿಕ್ಕರೆ ಒಂದು ಹುಲಿ ಎರಡಾಗಿ ಲೆಕ್ಕಕ್ಕೆ ಬರಬಹುದು. ಪ್ರತಿ ಹುಲಿಯ ಹೆಸರಿನ ಮುಂದೆ, ಸಿಕ್ಕ ದಿನ ಒಂದು, ಸಿಗದ ದಿನ ಸೊನ್ನೆ. ಸಿಕ್ಕವು ಎಷ್ಟು ಸಲ ಮರಳಿ ಸಿಕ್ಕವು ಎಂಬುದರಿಂದ, ಸಿಗದೇ ಉಳಿದವು ಎಷ್ಟಿರಬಹುದೆಂದು ಲೆಕ್ಕ ಹಾಕುವುದು. ಮೀನುಗಳ ಎಣಿಕೆಯಲ್ಲಿ ಹಿಂದೆಯೇ ಇದ್ದ ಈ ಗಣಿತವನ್ನು 1995ರ ಪ್ರಬಂಧದಲ್ಲಿ ಕಾರಂತರು ನಾಗರಹೊಳೆಯ ಹುಲಿಗೆ ಅನ್ವಯಿಸಿದರು. 1998ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆಗೂಡಿ ಅದನ್ನು ವಿಸ್ತರಿಸಿದರು. ಸಂಖ್ಯಾಶಾಸ್ತ್ರವನ್ನು ತನಗಿಂತ ಚೆನ್ನಾಗಿ ಬಲ್ಲವರ ಜೊತೆ ಕೂತು ಕೆಲಸ ಮಾಡಿದ್ದೇ ಅವರ ಸಾಧನೆಯ ಅರ್ಧ ಭಾಗ ಎಂದು ನನ್ನ ಎಣಿಕೆ.

ಇದರ ಫಲವೂ ಸಾಮಾನ್ಯವಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1991ರಿಂದ 2000ರವರೆಗೆ ನಾಗರಹೊಳೆಯಲ್ಲಿ ಚಿತ್ರಕ್ಕೆ ಸಿಕ್ಕ ಬೇರೆ ಬೇರೆ ಹುಲಿಗಳು 74. ವರ್ಷದಿಂದ ವರ್ಷಕ್ಕೆ ಉಳಿಯುವ ಹುಲಿಗಳು ಶೇ. 77ರಷ್ಟು. ಅಂದರೆ ಸತ್ತೋ ಬೇರೆಡೆ ಹೋಗಿಯೋ ಸುಮಾರು ಕಾಲುಪಾಲು ಪ್ರತಿ ವರ್ಷ ಕಾಣೆ. ಆದರೂ ಜಿಂಕೆ, ಕಡವೆ, ಕಾಟಿ ಸಮೃದ್ಧವಾಗಿದ್ದರೆ ಸಂತತಿ ತುಂಬಿಕೊಳ್ಳುತ್ತದೆ. ಸತ್ತ ಒಂದೊಂದು ಹುಲಿಗೂ ಎದೆ ಬಡಿದುಕೊಳ್ಳುವ ನಮ್ಮ ಟಿವಿ ಸುದ್ದಿಗೆ ಈ ಒಂದು ತಿಳಿವಳಿಕೆ ಬಂದರೆ ಸಾಕಿತ್ತು. ಇತ್ತ 2004ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳು ಪೂರ್ತಿ ಮಾಯವಾದ ಮೇಲೆ ಸರ್ಕಾರ ಹೆಜ್ಜೆ ಲೆಕ್ಕ ಬಿಟ್ಟು ಕ್ಯಾಮೆರಾಕ್ಕೆ ಬಂತು. ಹೊಸ ರಾಷ್ಟ್ರೀಯ ಗಣತಿಯ ಗಣಿತದಲ್ಲೂ ದೋಷವಿದೆ ಎಂದು ಕಾರಂತರು ವಾದಿಸುತ್ತಲೇ ಬಂದಿದ್ದಾರೆ. ಆ ಹಟವನ್ನು ನಾನು ಗೌರವಿಸುತ್ತೇನೆ.

ನನ್ನ ತಕರಾರು ಬೇರೆ ಕಡೆ ಇದೆ. ಈ ಬದುಕನ್ನು ‘ಯಾವ ವಯಸ್ಸಿನಲ್ಲೂ ವಿಜ್ಞಾನಿಯಾಗಬಹುದು’ ಎಂಬುದಕ್ಕೆ ಮಾದರಿಯಾಗಿ ತೋರಿಸುವುದು ಪೂರ್ತಿ ಸರಿಯಲ್ಲ. ಬಾಲ ಪ್ರಪಂಚ, ವಿಜ್ಞಾನ ಪ್ರಪಂಚ ಬರೆದ ತಂದೆ ಶಿವರಾಮ ಕಾರಂತರ ಮನೆ, ಇಂಗ್ಲಿಷು, ಎಂಜಿನಿಯರಿಂಗ್ ಪದವಿ ಬೆನ್ನಿಗಿದ್ದವರಿಗೆ ತೆರೆದ ಬಾಗಿಲದು. ಅದೇ ಕಾಡಿನಲ್ಲಿ ಹುಟ್ಟಿ ಬೆಳೆದ, ಮುರಿದ ಹುಲ್ಲು ನೋಡಿ ಹಾದಿ ಹೇಳುವ ಜೇನುಕುರುಬರು ಆ ಬಾಗಿಲಲ್ಲಿ ವಾಚರ್ ಆಗಿ, ದಿನಗೂಲಿಯಾಗಿ ನಿಂತರು. ಉಲ್ಲಾಸ ಕಾರಂತರು ಕಾಡೊಳಗಿನ ಹಾಡಿಗಳ ಸ್ವಇಚ್ಛೆಯ ಸ್ಥಳಾಂತರವನ್ನು ಬೆಂಬಲಿಸಿದವರು. ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಬಂದ ಹಾಡಿಗಳ ಜನರಲ್ಲಿ ಕೆಲವರಿಗೆ ಜಮೀನು, ಶಾಲೆ ಸಿಕ್ಕಿದ್ದು ನಿಜ. ಆದರೆ ಕಾಡನ್ನು ಓದುವ ಅವರ ವಿದ್ಯೆ ಯಾವ ಪದವಿಗೂ ಲೆಕ್ಕವಾಗಲಿಲ್ಲ.

ಹುಣಸೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಇದೆ, ಮುಕ್ತ ವಿಶ್ವವಿದ್ಯಾಲಯವೂ ಇದೆ. ಇಪ್ಪತ್ತು ವರ್ಷ ಕ್ಯಾಮೆರಾ ಕಟ್ಟಿ, ಕಾರ್ಡ್ ತಂದುಕೊಟ್ಟ ವಾಚರ್ ನಲವತ್ತಕ್ಕೆ ಬಂದು, ಕನ್ನಡದಲ್ಲೇ ಸಂಖ್ಯಾಶಾಸ್ತ್ರ ಕಲಿತು, ತಾನು ಕಂಡ ಕಾಡಿನ ಮೇಲೆ ಪ್ರಬಂಧ ಬರೆಯುವ ಕೋರ್ಸೊಂದನ್ನು ಅವು ಶುರು ಮಾಡಲಿ. ಮೊದಲ ಪ್ರವೇಶಕ್ಕೆ ಅರ್ಹರಾದವರು ಅಂತರಸಂತೆಯಲ್ಲೂ ವೀರನಹೊಸಹಳ್ಳಿಯಲ್ಲೂ ಈಗಾಗಲೇ ಇದ್ದಾರೆ.